ಹಾಸು ಉಂಟು, ಹೊಕ್ಕಿಲ್ಲ: ಕಾಗದದ ಗ್ರೇನ್

ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ಬೆಲೆ, ಪ್ರತಿಗಳ ಲೆಕ್ಕದ ಬಳಿ ಒಂದು ಸಾಲು ಇರುತ್ತದೆ: ಡೆಮಿ 1/8, 70 ಜಿಎಸ್‌ಎಂ ಎನ್‌ಎಸ್ ಮ್ಯಾಪ್ಲಿಥೊ. ಓದುಗರು ದಾಟಿಹೋಗುವ ಈ ಸಾಲು ಅಚ್ಚುಕೂಟದ ಅರ್ಧ ಪದಕೋಶ. ಡೆಮಿ ಎಂದರೆ 17.5 ಅಂಗುಲ ಅಗಲ, 22.5 ಅಂಗುಲ ಉದ್ದದ ಹಾಳೆ. ಮೂರು ಸಲ ಮಡಚಿದರೆ ಎಂಟು ಎಲೆ, 16 ಪುಟ. ಅದೇ ಒಂದು ಫಾರಂ. ಒಂದು ಚದರ ಮೀಟರ್ ಕಾಗದ 70 ಗ್ರಾಂ ತೂಗಿದರೆ ಅದು 70 ಜಿಎಸ್‌ಎಂ. ಇದು ತೂಕ, ದಪ್ಪವಲ್ಲ. ಉರುಳೆಗಳ ನಡುವೆ ಹೆಚ್ಚು ಒತ್ತಿಸಿಕೊಂಡ ಕಾಗದ ಅದೇ ತೂಕದಲ್ಲಿ ತೆಳ್ಳಗಾಗುತ್ತದೆ. ಎನ್‌ಎಸ್ ಎಂದರೆ ನ್ಯಾಚುರಲ್ ಶೇಡ್, ಕಣ್ಣಿಗೆ ಹಿತವಾದ ಕೆನೆಬಣ್ಣ. ಮ್ಯಾಪ್ಲಿಥೊ ಕಾಗದದ ಒಂದು ಬಗೆ. ಹೀಗೆ ಅಳತೆ, ತೂಕ, ಬಣ್ಣ ಎಲ್ಲ ಹೇಳುವ ಸಾಲು ಪುಸ್ತಕದ ಬಾಳಿಕೆಗೆ ಅಷ್ಟೇ ಮುಖ್ಯವಾದ ಇನ್ನೊಂದನ್ನು ಹೇಳುವುದಿಲ್ಲ: ಕಾಗದದೊಳಗೆ ನಾರು ಯಾವ ಕಡೆ ಓಡಿದೆ ಎಂಬುದನ್ನು. ಮುದ್ರಕರು ಅದನ್ನು ಗ್ರೇನ್ ಎನ್ನುತ್ತಾರೆ. ಅದೂ ಆ ಸಾಲಿನಲ್ಲಿ ಇರಬೇಕು.

1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬಿದಿರಿನ ಮೇಲೆ ಬೆಳೆದದ್ದು. ಕಬ್ಬಿನ ಸಿಪ್ಪೆಯಿಂದಲೂ ಕಾಗದವಾಗುತ್ತದೆ, ನೋಟಿನ ಕಾಗದ ಹತ್ತಿಯದು. ಕಚ್ಚಾ ಮಾಲು ಯಾವುದಾದರೂ ಯಂತ್ರದೊಳಗಿನ ಕಥೆ ಒಂದೇ. ನೂರಕ್ಕೆ 99 ಪಾಲಿಗೂ ಹೆಚ್ಚು ನೀರಿರುವ ಪಲ್ಪ್, ಓಡುತ್ತಿರುವ ಜಾಳಿಗೆಯ ಮೇಲೆ ಬೀಳುತ್ತದೆ. ಕಾಲುವೆಗೆ ಬಿದ್ದ ಜೋಳದ ಕಣಿಕೆ ಹರಿವಿನ ಉದ್ದಕ್ಕೆ ತಿರುಗಿಕೊಳ್ಳುವಂತೆ, ನಾರುಗಳಲ್ಲಿ ಬಹುಪಾಲು ಓಟದ ಕಡೆಗೇ ಮಲಗುತ್ತವೆ. ನೀರು ಬಸಿದು, ಒಣಗಿ, ಹಾಳೆಯಾದ ಮೇಲೂ ಹಾಗೆಯೇ ಉಳಿಯುತ್ತವೆ. ಮಗ್ಗದ ಉದ್ದದೆಳೆ ಹಾಸು, ಅಡ್ಡದೆಳೆ ಹೊಕ್ಕು; ರಾಮದುರ್ಗದ ನೇಕಾರರ ಮಾತಿನಲ್ಲಿ ಹೇಳುವುದಾದರೆ ಕಾಗದಕ್ಕೆ ಹಾಸು ಉಂಟು, ಹೊಕ್ಕಿಲ್ಲ. ಇದನ್ನು ಕಾಣಲು ಉಪಕರಣ ಬೇಡ. ದಿನಪತ್ರಿಕೆಯ ಹಾಳೆಯನ್ನು ಒಂದು ಕಡೆ ಹರಿದರೆ ನೆಟ್ಟಗೆ ಹರಿಯುತ್ತದೆ, ಅಡ್ಡ ಹರಿದರೆ ಸೊಟ್ಟಗೆ. ಕಾಗದದ ಚೂರೊಂದರ ಒಂದೇ ಮಗ್ಗುಲು ಒದ್ದೆ ಮಾಡಿದರೆ ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆಯ ಉದ್ದವೇ ಗ್ರೇನ್.

ಈ ಸುರುಳಿಯಲ್ಲೇ ಕಾರಣ ಅಡಗಿದೆ. ತೇವ ಕುಡಿದ ನಾರು ಅಡ್ಡಕ್ಕೆ ಚೆನ್ನಾಗಿ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದು ಅತ್ಯಲ್ಪ. ಆದ್ದರಿಂದ ಹಾಳೆಯೂ ಗ್ರೇನಿಗೆ ಅಡ್ಡವಾಗಿಯೇ ಹಿಗ್ಗುತ್ತದೆ, ಕುಗ್ಗುತ್ತದೆ. ಚಚಡಿ, ಸವದತ್ತಿಯ ಸೀಮೆಯಲ್ಲಿ ಬೇಸಿಗೆಯ ಒಣ ಗಾಳಿ, ಮಳೆಗಾಲದ ತೇವ ಎರಡನ್ನೂ ಪುಸ್ತಕ ವರ್ಷವರ್ಷವೂ ಕಾಣಬೇಕು. ಗ್ರೇನ್ ಪುಸ್ತಕದ ಬೆನ್ನಿಗೆ ಸಮಾಂತರವಾಗಿದ್ದರೆ ಪುಟಗಳು ಹೊರ ಅಂಚಿನ ಕಡೆಗೆ ಹಿಗ್ಗುತ್ತವೆ. ಆ ಕಡೆ ತಡೆಯುವವರಿಲ್ಲ. ಬೆನ್ನಿಗೆ ಅಡ್ಡವಾಗಿದ್ದರೆ ಹಿಗ್ಗು ಬೆನ್ನಿನ ಉದ್ದಕ್ಕೇ ಬರುತ್ತದೆ. ಅಲ್ಲಿ ಅಂಟು ಬಿಗಿಹಿಡಿದಿರುವುದರಿಂದ ಪುಟಗಳು ಅಲೆಅಲೆಯಾಗುತ್ತವೆ, ತೆರೆದಿಟ್ಟರೂ ಪುಸ್ತಕ ತಾನೇ ಮುಚ್ಚಿಕೊಳ್ಳಲು ನೋಡುತ್ತದೆ. ಡೆಮಿ 1/8 ಪುಸ್ತಕದ ಬೆನ್ನು ಹಾಳೆಯ 17.5 ಅಂಗುಲದ ಬದಿಗೆ ಸಮಾಂತರವಾಗಿ ಬರುತ್ತದೆ. ನಾರೂ ಆ ಕಡೆಗೇ ಓಡಿರಬೇಕು.

ಇದಕ್ಕೆ ಮುದ್ರಕರು ಒಡ್ಡುವ ಆಕ್ಷೇಪಕ್ಕೂ ತೂಕವಿದೆ. ಆಫ್‌ಸೆಟ್ ಯಂತ್ರದಲ್ಲಿ ಶಾಯಿಯ ಜೊತೆ ನೀರೂ ಇರುವುದರಿಂದ ಹಾಳೆ ಅಚ್ಚಾಗುವಾಗಲೇ ಹಿಗ್ಗುತ್ತದೆ. ನಾಲ್ಕು ಬಣ್ಣಗಳ ರಿಜಿಸ್ಟರ್, ಅಂದರೆ ಒಂದರ ಮೇಲೊಂದು ಬೀಳುವ ಹೊಂದಿಕೆ, ಸರಿಯಾಗಿ ಕೂರಬೇಕಾದರೆ ಗ್ರೇನ್ ಸಿಲಿಂಡರಿನ ಉದ್ದಕ್ಕೆ ಇರುವುದೇ ಅನುಕೂಲ. ಅದು ಕೆಲವೊಮ್ಮೆ ಬೈಂಡಿಂಗಿಗೆ ಒಗ್ಗುವುದಿಲ್ಲ. ಆದರೆ ನಮ್ಮ ಹೆಚ್ಚಿನ ಕಥೆ, ಕಾದಂಬರಿಗಳ ಒಳಪುಟಗಳು ಕಪ್ಪು ಶಾಯಿಯೊಂದರಲ್ಲೇ ಅಚ್ಚಾಗುತ್ತವೆ. ಅಲ್ಲಿ ರಿಜಿಸ್ಟರಿನ ಚಿಂತೆಯಿಲ್ಲ, ಬೈಂಡಿಂಗಿನ ಮಾತೇ ನಡೆಯಬಹುದು. ಅಂಗಡಿಯಲ್ಲಿ ಸಿಕ್ಕ ಹಾಳೆಯನ್ನೇ ಕತ್ತರಿಸಿದರೆ ಕಾಗದ ಉಳಿಯುತ್ತದೆ ಎಂಬ ಎರಡನೆಯ ಮಾತೂ ಸುಳ್ಳಲ್ಲ. ಜಾತ್ರೆಗೆಂದು ಅಚ್ಚು ಹಾಕಿಸುವ, ಪಿನ್ನು ಹೊಡೆದ ಎರಡು ಫಾರಮಿನ ಪುಸ್ತಿಕೆಗೆ ಗ್ರೇನ್ ಹುಡುಕಬೇಕಾಗಿಲ್ಲ. ಮುನ್ನೂರು ಪುಟದ, ಗ್ರಂಥಾಲಯದಲ್ಲಿ ಹತ್ತಾರು ವರ್ಷ ಕೈಯಿಂದ ಕೈಗೆ ಹೋಗಬೇಕಾದ ಪುಸ್ತಕಕ್ಕೆ ಅದೇ ಲೆಕ್ಕ ಹಾಕುವುದು ತಪ್ಪು.

ಗ್ರೇನ್ ಕಣ್ಣಿಗೇ ಕಾಣಬೇಕೆಂದರೆ ಬೈಲಹೊಂಗಲದ ಯಾವ ಮನೆಯಲ್ಲಾದರೂ ಸಿಗುವ ದಪ್ಪ ಕಾರ್ಡಿನ ಲಗ್ನಪತ್ರಿಕೆಗಳನ್ನು ನೋಡಬಹುದು. ನಾರಿನ ಓಟಕ್ಕೆ ಸರಿಯಾಗಿ ಮಡಚಿದ್ದರ ಮಡಿಕೆ ನುಣುಪಾಗಿರುತ್ತದೆ. ಅಡ್ಡ ಮಡಚಿದ್ದರ ಮಡಿಕೆಯಲ್ಲಿ ಬಣ್ಣ ಬಿರಿದು, ಒಳಗಿನ ಬಿಳಿ ನಾರು ಇಣುಕುತ್ತಿರುತ್ತದೆ.