ನಿಮಗಿದು ಗೊತ್ತೇ? ಮೈಕ್ ಹಿಡಿದಾಗ ಕಣ್ಣೆಲ್ಲಿರಬೇಕು?

● ಎದುರಿನವರು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಎಷ್ಟು ಹೊತ್ತು ನೋಡಿದರೆ ಹಿತ, ಎಷ್ಟಾದರೆ ಕಿರಿಕಿರಿ? ಲಂಡನ್ನಿನ ವಿಜ್ಞಾನ ಮ್ಯೂಸಿಯಂಗೆ ಬಂದ ಸುಮಾರು 500 ಮಂದಿಗೆ ನೇರ ನೋಡುವ ಕಲಾವಿದರ ವಿಡಿಯೊ ತೋರಿಸಿ ಸಂಶೋಧಕರು ಇದನ್ನು ಅಳೆದೇಬಿಟ್ಟರು. 2016ರಲ್ಲಿ ಪ್ರಕಟವಾದ ಉತ್ತರ: ಸರಾಸರಿ 3.3 ಸೆಕೆಂಡು. ಅಷ್ಟರಲ್ಲಿ ಒಂದು ಪುಟ್ಟ ವಾಕ್ಯ ಹೇಳಿ ಮುಗಿಸಬಹುದು. ಮುಖಕ್ಕೊಂದು ವಾಕ್ಯ ಅಂದುಕೊಳ್ಳಿ, ಲೆಕ್ಕ ಸರಿಹೋಗುತ್ತದೆ.

● ಟೇಬಲ್ ಫ್ಯಾನಿನ ಹಾಗೆ ಅತ್ತಿಂದಿತ್ತ ತಲೆ ತಿರುಗಿಸುವ ಭಾಷಣಕಾರರು ನಿಜವಾಗಿ ಯಾರನ್ನೂ ನೋಡಿರುವುದಿಲ್ಲ. ನಮ್ಮ ಕಣ್ಣಿಗೆ ಒಮ್ಮೆಗೆ ನಿಚ್ಚಳವಾಗಿ ಕಾಣುವುದು ಸುಮಾರು 2 ಡಿಗ್ರಿ ಅಗಲ ಮಾತ್ರ. ಕೈ ಚಾಚಿ ಹಿಡಿದಾಗ ಹೆಬ್ಬೆರಳ ಉಗುರಿಗಿಂತ ತುಸು ಹೆಚ್ಚು.

● ಸಭೆ ದೊಡ್ಡದಿದ್ದರೆ ಹೆದರಬೇಡಿ. ಹಿಂದಿನ ಸಾಲಿನ ಒಬ್ಬರ ಮೇಲೆ ಕಣ್ಣಿಟ್ಟರೆ ಅಕ್ಕಪಕ್ಕದವರಿಗೂ ‘ನನ್ನನ್ನೇ ನೋಡ್ತಿದ್ದಾರೆ’ ಅನ್ನಿಸುತ್ತದೆ. ತಲೆಗಳ ಮೇಲಿನ ಗೋಡೆ ನೋಡಿ ಮಾತಾಡುವ ಹಳೇ ಉಪಾಯವೂ ಅಲ್ಲಿಗೆ ನಡೆದೀತು. ಮುಂದಿನ ಸಾಲಿನವರಿಗೆ ಮಾತ್ರ ಗುಟ್ಟು ರಟ್ಟಾಗುತ್ತದೆ!

● ಪದಕ್ಕಾಗಿ ತಡಕಾಡುವಾಗ ಕಣ್ಣು ತಾನಾಗಿ ಸೂರಿನತ್ತ ಹೋಗುತ್ತದೆಯೇ? ಮೇಷ್ಟರು ಗದರಿದ್ದರೆ ಮರೆತುಬಿಡಿ. ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ನಾಮಪದ ಕೊಟ್ಟು, ಅದಕ್ಕೆ ಹೊಂದುವ ಕ್ರಿಯಾಪದ ಹೇಳಿಸಿದರು. ಪರದೆಯ ಮೇಲಿನ ಮುಖ ನೇರವಾಗಿ ದಿಟ್ಟಿಸುತ್ತಿದ್ದಾಗ ಕಷ್ಟದ ಪದಗಳು ತಡವಾಗಿ ಹೊರಬಂದವು. ಯೋಚಿಸುವಾಗ ಕಣ್ಣು ತಪ್ಪಿಸಿ, ಹೇಳುವಾಗ ಸಭಿಕರತ್ತ ತನ್ನಿ. ಇದರಲ್ಲಿ ಅಳುಕೂ ಇಲ್ಲ, ಸುಳ್ಳೂ ಇಲ್ಲ.

● ನಿಮ್ಮ ಮಾತು ಒಪ್ಪದವರನ್ನು ದುರುಗುಟ್ಟಿ ನೋಡಿ ಗೆಲ್ಲಲಾಗದು. ಭಿನ್ನಾಭಿಪ್ರಾಯವಿದ್ದವರು ಭಾಷಣಕಾರರ ಕಣ್ಣನ್ನು ಹೆಚ್ಚು ನೋಡಿದಷ್ಟೂ ಕಡಿಮೆ ಬದಲಾದರೆಂದು 2013ರ ಅಧ್ಯಯನವೊಂದು ಹೇಳಿದೆ.

● ‘ಮಾತಿನ ಪ್ರಭಾವ ಶೇ. 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಮುಖಭಾವ’ ಎಂದು ತರಬೇತಿ ಶಿಬಿರಗಳಲ್ಲಿ ಹೇಳುವುದುಂಟು. ನಂಬಬೇಡಿ. ಈ ಲೆಕ್ಕದ ಮೂಲವಾದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪರೀಕ್ಷಿಸಿದ್ದು ಬಿಡಿ ಪದಗಳನ್ನು, ಅವು ತೋರುವ ಇಷ್ಟ-ಅನಿಷ್ಟಗಳನ್ನು. ಇಡೀ ಭಾಷಣಕ್ಕೆ ಈ ಲೆಕ್ಕ ಹಚ್ಚಬೇಡಿ ಎಂದು ಅವರೇ ಹೇಳಿದ್ದಾರೆ.

● ನಾಟ್ಯಶಾಸ್ತ್ರದಲ್ಲಿ 36 ಬಗೆಯ ದೃಷ್ಟಿಗಳಿವೆ. ‘ಅಭಿನಯ ದರ್ಪಣ’ ಎಂಬ ಗ್ರಂಥ ಹೇಳುವುದು 8. ಅದರಲ್ಲಿ ಮೊದಲನೆಯದು ಎವೆಯಿಕ್ಕದ ‘ಸಮ’. ನೃತ್ಯಕ್ಕೆ ಚೆಂದ, ಭಾಷಣಕಾರರು ದಯವಿಟ್ಟು ಎವೆ ಬಡಿಯಿರಿ.

● ವಿಧಾನಸಭೆಯಲ್ಲಿ ಬೈಯುವುದು ಎದುರು ಪಕ್ಷವನ್ನಾದರೂ, ನಿಯಮದ ಪ್ರಕಾರ ಮಾತಾಡಬೇಕಾದ್ದು ಸಭಾಧ್ಯಕ್ಷರನ್ನು ಉದ್ದೇಶಿಸಿ. ಜಗಳ ಸ್ವಲ್ಪವಾದರೂ ತಣ್ಣಗಿರಲಿ ಎಂಬ ಜಾಣತನ. ಪಾಲಿಸುವವರೆಷ್ಟು ಎಂಬುದು ಬೇರೆ ಮಾತು.

● ಆನ್‌ಲೈನ್ ಸಭೆಯಲ್ಲಿ ಪರದೆಯ ಮೇಲಿನ ಮುಖ ನೋಡಿ ಮಾತಾಡಿದರೆ ಆ ಕಡೆಯವರಿಗೆ ನಿಮ್ಮ ಕಣ್ಣು ಕೆಳಗಿಳಿದಂತೆ ಕಾಣುತ್ತದೆ. ವಿಡಿಯೊ ಕಿಟಕಿಯನ್ನು ಎಳೆದು ಕ್ಯಾಮೆರಾಕ್ಕೆ ತಾಗುವಂತೆ ಕೆಳಗೇ ಇಡಿ. ಮುಖ್ಯ ಮಾತು ಬಂದಾಗ ಲೆನ್ಸ್ ನೋಡಿ.