ಪೂರ್ವಪಕ್ಷವಿಲ್ಲದ ಸಿದ್ಧಾಂತ: ಬೋಧಿಸುವ ಚಲಚ್ಚಿತ್ರಗಳನ್ನು ಕುರಿತು

ಚಿತ್ರಮಂದಿರದಿಂದ ಹೊರಬರುತ್ತಿರುವವರ ಬಾಯಲ್ಲಿ ‘ಕಥೆಯೇನೋ ಚೆನ್ನಾಗಿದೆ, ಆದರೆ ಉಪದೇಶ ಹೆಚ್ಚಾಯಿತು’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಇನ್ನು ಕೆಲವು ಚಿತ್ರಗಳ ವಿಷಯದಲ್ಲಿ ಈ ಮಾತೂ ಹೊರಡುವುದಿಲ್ಲ. ‘ಏನೋ ದೊಡ್ಡ ವಿಷಯವನ್ನೇ ಹೇಳಿದ್ದಾರೆ’ ಎಂಬ ಸಂಕೋಚದ ಮೆಚ್ಚಿಕೆಯಲ್ಲಿ ಎಲ್ಲವೂ ಮುಗಿಯುತ್ತದೆ. ಮೊದಲನೆಯದು ಬೋಧನೆಯ ದೋಷ, ಎರಡನೆಯದು ಆಡಂಬರದ ದೋಷ. ನೋಡುವುದಕ್ಕೆ ಇವು ಬೇರೆ ಬೇರೆ; ಒಂದರಲ್ಲಿ ಮಾತು ಹೆಚ್ಚು, ಇನ್ನೊಂದರಲ್ಲಿ ಮೌನ ಹೆಚ್ಚು. ಆದರೂ ಇವೆರಡರ ಬೇರು ಒಂದೇ ಎಂದು ನನ್ನ ಎಣಿಕೆ. ಅದನ್ನು ನಾವು ಬಲ್ಲ ಕೆಲವು ಚಿತ್ರಗಳ ಮೂಲಕವೇ ವಿವರಿಸಲು ಇಲ್ಲಿ ಯತ್ನಿಸುತ್ತೇನೆ.

ಉಪದೇಶವೆಂಬುದೇ ಕಲೆಗೆ ಹೊರಗಿನ ವಸ್ತು ಎಂದು ವಾದಿಸುವವರಿದ್ದಾರೆ. ನಮ್ಮ ಆಲಂಕಾರಿಕರು ಹಾಗೆ ಹೇಳಲಿಲ್ಲ. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ, ಪುರಾಣವು ಗೆಳೆಯನಂತೆ ತಿಳಿಯಹೇಳುತ್ತದೆ, ಕಾವ್ಯವು ಕಾಂತೆಯಂತೆ ಮನಸ್ಸನ್ನು ಒಲಿಸಿಕೊಂಡು ದಾರಿಗೆ ತರುತ್ತದೆ ಎಂದು ಅವರು ವಿಭಾಗಿಸಿದರು; ಮಮ್ಮಟನಂತೂ ಉಪದೇಶವನ್ನು ಕಾವ್ಯದ ಪ್ರಯೋಜನಗಳಲ್ಲಿ ಒಂದಾಗಿಯೇ ಎಣಿಸಿದ್ದಾನೆ. ಅದೇ ಮಮ್ಮಟನು ರಸವನ್ನು ಅದರ ಹೆಸರಿನಿಂದಲೇ ಕರೆದು ಹೇಳುವುದನ್ನು, ಎಂದರೆ ಸ್ವಶಬ್ದವಾಚ್ಯತ್ವವನ್ನು, ದೋಷವೆಂದೂ ಬರೆದಿದ್ದಾನೆ. ‘ಇದು ಕರುಣ’ ಎಂದು ಸಾರಿದ ಮಾತ್ರಕ್ಕೆ ಕೇಳುವವನ ಕಣ್ಣು ಒದ್ದೆಯಾಗುವುದಿಲ್ಲ. ನ್ಯಾಯ, ತ್ಯಾಗ, ಮಾನವೀಯತೆಗಳ ವಿಷಯದಲ್ಲೂ ಹಾಗೆಯೇ. ಇನ್ನು ಹರಿಕಥೆಯನ್ನು ಕೇಳಿ ಬೆಳೆದ ನಮಗೆ ಉಪದೇಶದ ಅಭ್ಯಾಸವಿಲ್ಲವೆಂದು ಹೇಳುವುದಂತೂ ಸಾಧ್ಯವೇ ಇಲ್ಲ. ದಾಸರು ಕಥೆಯನ್ನು ನಡುವೆ ನಿಲ್ಲಿಸಿ ನೀತಿಯನ್ನು ಹೇಳಿದರೆ ಯಾರೂ ಬೇಸರಪಡುವುದಿಲ್ಲ. ಅವರು ನಮ್ಮೆದುರಿಗೇ ನಿಂತಿದ್ದಾರೆ. ಸಭೆ ಆಕಳಿಸಿದರೆ ಅವರಿಗೆ ಕಾಣುತ್ತದೆ, ಒಡನೆಯೇ ಒಂದು ಉಪಕಥೆಯಿಂದ ನಗಿಸುತ್ತಾರೆ. ಬೆಳ್ಳಿತೆರೆಗೆ ಆ ಕಣ್ಣಿಲ್ಲ.

ಹಾಗಾದರೆ ಬೋಧನೆ ಎಲ್ಲಿ ದೋಷವಾಗುತ್ತದೆ? ಇದಕ್ಕೆ ಉತ್ತರವೂ ನಮ್ಮ ಶಾಸ್ತ್ರಗಳ ರಚನೆಯಲ್ಲಿಯೇ ದೊರೆಯುತ್ತದೆ. ಯಾವ ಭಾಷ್ಯಕಾರನೂ ತನ್ನ ಸಿದ್ಧಾಂತವನ್ನು ಮೊದಲಿಗೇ ಹೇಳಿ ಮುಗಿಸುವುದಿಲ್ಲ. ಎದುರಾಳಿಯ ಮಾತನ್ನು, ಅದೂ ಎದುರಾಳಿಗಿಂತ ಸಮರ್ಥವಾಗಿ, ಪೂರ್ವಪಕ್ಷವಾಗಿ ನಿಲ್ಲಿಸುತ್ತಾನೆ. ಅದನ್ನು ದಾಟಿದ ಮೇಲೆಯೇ ಸಿದ್ಧಾಂತಕ್ಕೆ ಬೆಲೆ. ಬೋಧಿಸುವ ಚಿತ್ರವೆಂದರೆ ಪೂರ್ವಪಕ್ಷವಿಲ್ಲದ ಸಿದ್ಧಾಂತ. ಆಡಂಬರದ ಚಿತ್ರವೆಂದರೆ ಎರಡೂ ಇಲ್ಲದೆ, ಇವೆಯೆಂಬ ಸೂಚನೆಯನ್ನು ಮಾತ್ರ ಕೊಡುವಂಥದು.

ಮುಂಬಯಿ ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದರ ಉದಾಹರಣೆಗಳು ಮನೆಯ ಬಾಗಿಲಿನಲ್ಲೇ ಇವೆ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಸಂಸ್ಥೆಯ ಚಿತ್ರಗಳು ಬಹುಮಟ್ಟಿಗೆ ಉದ್ದೇಶಪೂರ್ವಕವಾದವುಗಳೇ. ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶಿಸಿದ ‘ಸಂತ ತುಕಾರಾಮ್’ (1936) ಭಕ್ತಿಯನ್ನು ಬೋಧಿಸುವ ಚಿತ್ರವೆಂಬುದರಲ್ಲಿ ಸಂದೇಹವಿಲ್ಲ. ವೆನಿಸ್ಸಿನ ಉತ್ಸವದಲ್ಲಿ ಅದಕ್ಕೆ ಮನ್ನಣೆಯೂ ದೊರೆಯಿತು. ಅದನ್ನು ಇಂದಿಗೂ ಬೇಸರವಿಲ್ಲದೆ ನೋಡುವಂತೆ ಮಾಡಿರುವುದು ಪವಾಡಗಳಲ್ಲ, ತುಕಾರಾಮನ ಹೆಂಡತಿ ಜಿಜಾಯಿ. ಮನೆಯಲ್ಲಿ ಕಾಳಿಲ್ಲ, ಮಗುವಿಗೆ ಜ್ವರ, ಗಂಡ ಅಭಂಗ ಹಾಡುತ್ತಿದ್ದಾನೆ. ಅವಳು ಮಗುವನ್ನು ದೇವಸ್ಥಾನಕ್ಕೆ ಎಳೆದುಕೊಂಡು ಹೋಗಿ ವಿಠೋಬನ ಮುಂದೆ ಚಪ್ಪಲಿ ಎತ್ತುತ್ತಾಳೆ. ಆ ಕೈ ಎತ್ತಿದ ಗಳಿಗೆಯಲ್ಲಿ ನೋಟಕನ ಮನಸ್ಸು ಅವಳ ಕಡೆಗೇ ಇರುತ್ತದೆ. ಶಿವಾಜಿ ಕಳುಹಿಸಿದ ಕಾಣಿಕೆಗಳನ್ನು ತುಕಾರಾಮ ಹಿಂದಿರುಗಿಸುವಾಗ ಸಂತನ ವೈರಾಗ್ಯ ಎಷ್ಟು ನಿಜವೋ ಹಸಿದ ಮನೆಯ ನಿರಾಸೆಯೂ ಅಷ್ಟೇ ನಿಜ. ಕೊನೆಗೆ ವೈಕುಂಠದಿಂದ ವಿಮಾನ ಬಂದಾಗಲೂ ಜಿಜಾಯಿ ಭೂಮಿಯಲ್ಲಿಯೇ ಉಳಿಯುತ್ತಾಳೆ. ಇಷ್ಟು ಬಲವಾದ ಪೂರ್ವಪಕ್ಷವನ್ನು ಹೆಗಲಮೇಲೆ ಹೊತ್ತುಕೊಂಡೇ ಆ ಚಿತ್ರ ಭಕ್ತಿಯನ್ನು ಗೆಲ್ಲಿಸುತ್ತದೆ. ಆದುದರಿಂದ ನಾಸ್ತಿಕನಿಗೂ ಅದು ಒಪ್ಪಿಗೆ.

ಮರುವರ್ಷ ವಿ. ಶಾಂತಾರಾಮ್ ತೆಗೆದ ‘ಕುಂಕೂ’ ಎಂಬ ಮರಾಠಿ ಚಿತ್ರ, ಹಿಂದಿಯಲ್ಲಿ ‘ದುನಿಯಾ ನ ಮಾನೇ’, ಇನ್ನೂ ಸೂಕ್ಷ್ಮವಾದ ಉದಾಹರಣೆ. ತಾಯಿತಂದೆಯಿಲ್ಲದ ನೀರಾಳನ್ನು ಸೋದರಮಾವ ಮುದುಕನಾದ ವಿಧುರ ವಕೀಲನಿಗೆ ಮದುವೆಮಾಡಿಕೊಡುತ್ತಾನೆ. ಅವಳು ತಾಳಿ ಕಟ್ಟಿಸಿಕೊಂಡರೂ ಅವನನ್ನು ಗಂಡನೆಂದು ಒಪ್ಪಲು ನಿರಾಕರಿಸುತ್ತಾಳೆ. ವಿಷಮವಿವಾಹವನ್ನು ಖಂಡಿಸಲು ಹೊರಟ ಬೇರೊಬ್ಬ ನಿರ್ದೇಶಕನಾಗಿದ್ದರೆ ಆ ಮುದುಕನನ್ನು ರಾಕ್ಷಸನನ್ನಾಗಿ ಮಾಡಿಬಿಡುತ್ತಿದ್ದ. ಕೇಶವರಾವ್ ದಾತೆಯವರು ಅಭಿನಯಿಸಿದ ಕಾಕಾಸಾಹೇಬ ರಾಕ್ಷಸನಲ್ಲ. ತನ್ನ ವಯಸ್ಸಿಗೆ ನಾಚುವ, ಕನ್ನಡಿಗೆ ಅಂಜುವ, ಗೋಡೆಯ ಗಡಿಯಾರದ ಸದ್ದಿನಲ್ಲಿ ತನ್ನ ಆಯುಸ್ಸನ್ನು ಎಣಿಸುವ ಗೃಹಸ್ಥ. ಹಿನ್ನೆಲೆಯಲ್ಲಿ ವಾದ್ಯಗಳಿಲ್ಲ, ಮನೆಯ ಸಹಜ ಸದ್ದುಗಳೇ ಇವೆ. ಹೀಗಾಗಿ ಆ ಗಡಿಯಾರದ ಟಿಕ್‌ಟಿಕ್ ಯಾವ ಭಾಷಣಕ್ಕಿಂತಲೂ ಹೆಚ್ಚು ಹೇಳುತ್ತದೆ. ನೀರಾಳಿಗೆ ನ್ಯಾಯ ದೊರಕಿಸುವವನು ಕೊನೆಗೆ ಅವನೇ, ಅದೂ ತನ್ನ ಪ್ರಾಣವನ್ನು ಕೊಟ್ಟು. ಇದೇ ಚಿತ್ರದಲ್ಲಿ ಶಾಂತಾ ಆಪ್ಟೆಯವರು ಲಾಂಗ್‌ಫೆಲೋ ಕವಿಯ ಇಂಗ್ಲಿಷ್ ಪದ್ಯವನ್ನು ಹಾಡುವ ಸನ್ನಿವೇಶವೂ ಇದೆ. ಧೈರ್ಯದಿಂದ ಬಾಳಬೇಕೆಂಬ ಆ ಪದ್ಯ ಅಂದಿನ ಪ್ರೇಕ್ಷಕರಿಗೆ ಹೊಸತಾಗಿ ಕಂಡಿರಬಹುದು. ಇಂದು ಅದು ಒಳ್ಳೆಯ ಬಟ್ಟೆಗೆ ಹಾಕಿದ ತೇಪೆಯಂತೆ ಎದ್ದು ಕಾಣುತ್ತದೆ. ಗಡಿಯಾರ ಹೇಳಿ ಮುಗಿಸಿದ್ದನ್ನು ಪದ್ಯವು ಮತ್ತೆ ಹೇಳಹೊರಟಿದೆ.

ಇಪ್ಪತ್ತು ವರ್ಷಗಳ ಅನಂತರ, 1957ರಲ್ಲಿ, ಅದೇ ಶಾಂತಾರಾಮ್ ‘ದೋ ಆಂಖೇ ಬಾರಹ್ ಹಾಥ್’ ಚಿತ್ರವನ್ನು ಮಾಡಿದರು. ಔಂಧ್ ಸಂಸ್ಥಾನದ ಸ್ವತಂತ್ರಪುರದಲ್ಲಿ ನಡೆದ ಬಯಲು ಬಂದೀಖಾನೆಯ ಪ್ರಯೋಗ ಅದರ ಆಧಾರ. ಆದಿನಾಥನೆಂಬ ಜೈಲರು ಆರು ಮಂದಿ ಕೊಲೆಗಾರರನ್ನು ಬಂಜರು ನೆಲಕ್ಕೆ ಕರೆದೊಯ್ದು ದುಡಿಮೆಯಿಂದ ಮನುಷ್ಯರನ್ನಾಗಿಸುತ್ತಾನೆ. ಬರ್ಲಿನ್ ಉತ್ಸವದಲ್ಲಿ ಬಹುಮಾನ ಪಡೆದ, ಉದಾತ್ತವಾದ ಚಿತ್ರವಿದು. ನೆಲವನ್ನು ಅಗೆಯುವ ದೃಶ್ಯಗಳ ಬಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಆರು ಮಂದಿಗೆ ತಮ್ಮದೆಂಬ ವಾದವಿಲ್ಲ. ತಾವೇಕೆ ಕೊಂದೆವು, ಈ ಒಳ್ಳೆಯವನ ಕರುಣೆ ತಮಗೇಕೆ ಬೇಕು ಎಂದು ಅವರಲ್ಲಿ ಯಾರೂ ಅವನನ್ನು ಎದುರಿಸಿ ಕೇಳುವುದಿಲ್ಲ. ಅವರು ದೊಡ್ಡ ಮಕ್ಕಳು. ಅವರಿಗೆ ಅಡ್ಡಬರುವ ಸಂತೆಯ ವ್ಯಾಪಾರಿಗಳು ಕೇವಲ ಕೇಡಿಗರು. ಹೀಗೆ ತಕ್ಕಡಿಯ ಇನ್ನೊಂದು ತಟ್ಟೆ ಖಾಲಿಯಾಗಿರುವುದರಿಂದ ಆದಿನಾಥನ ಎರಡು ಕಣ್ಣುಗಳನ್ನು ತೆರೆಯ ತುಂಬ ಮೂಡಿಸಿ ನಮ್ಮನ್ನು ಎಚ್ಚರಿಸಬೇಕಾಗಿ ಬರುತ್ತದೆ. ‘ಕುಂಕೂ’ವಿನ ಗಡಿಯಾರ ಆ ಮನೆಯ ಗೋಡೆಯ ಮೇಲೆ ತೂಗುತ್ತಿದ್ದ ವಸ್ತು, ಈ ಕಣ್ಣುಗಳು ಹೊರಗಿನಿಂದ ತಂದು ಅಂಟಿಸಿದವು. ಒಬ್ಬನೇ ಕಲಾವಿದನಲ್ಲಿ ಸಂಕೇತವು ಹೇಗೆ ಫಲಕವಾಗುತ್ತದೆ ಎಂಬುದನ್ನು ಅರಿಯಲು ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಬೇಕು.

ತೆರೆಯ ಮೇಲೆ ಭಾಷಣವೇ ಕೂಡದೆಂಬ ಕಟ್ಟಳೆಯನ್ನು ಮಾತ್ರ ನಾನು ಒಪ್ಪಲಾರೆ. ಚಾಪ್ಲಿನ್ ‘ದಿ ಗ್ರೇಟ್ ಡಿಕ್ಟೇಟರ್’ (1940) ಚಿತ್ರದ ಕೊನೆಯಲ್ಲಿ ಹಲವು ನಿಮಿಷ ನೇರವಾಗಿ ನಮ್ಮನ್ನೇ ನೋಡುತ್ತ ಮಾತನಾಡುತ್ತಾನೆ. ಕಲೆಯ ದೃಷ್ಟಿಯಿಂದ ಅದು ಸಲ್ಲದೆಂದವರುಂಟು. ಆದರೆ ಅಲ್ಲಿ ಪೂರ್ವಪಕ್ಷ ಹೊರಗೆ, ಯುರೋಪಿನ ಬೀದಿಗಳಲ್ಲಿ, ಯುದ್ಧಟ್ಯಾಂಕುಗಳ ಮೇಲೆ ಕುಳಿತಿತ್ತು. ಅಂಥ ಗಳಿಗೆಯಲ್ಲಿ ವೇಷ ಕಳಚಿ ಮಾತನಾಡಿದ ನಟನು ದಾಸರ ಹಾಗೆ ನಮ್ಮೆದುರಿಗೆ ಬಂದು ನಿಂತವನೇ.

ಕನ್ನಡಕ್ಕೆ ಬಂದರೆ, ಉಪದೇಶದ ಚಿತ್ರವೆಂದೊಡನೆ ಎಲ್ಲರಿಗೂ ನೆನಪಾಗುವುದು ‘ಬಂಗಾರದ ಮನುಷ್ಯ’ (1972). ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಓಡಿತು. ಅದನ್ನು ನೋಡಿ ಪಟ್ಟಣದ ಕೆಲಸವನ್ನು ಬಿಟ್ಟು ಹಳ್ಳಿಗೆ ಮರಳಿದ ತರುಣರ ಮಾತನ್ನು ಇಂದಿಗೂ ಹೇಳುವುದುಂಟು. (ನೋಡಿ ಕಣ್ಣೀರು ಸುರಿಸಿಯೂ ಮಾಟುಂಗದಲ್ಲಿಯೇ ಉಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.) ವಿದ್ಯಾವಂತರಾದ ನಮ್ಮಲ್ಲಿ ಅನೇಕರು ಇದನ್ನು ಬೋಧನೆಯ ಚಿತ್ರವೆಂದು ಒಂದು ಮೆಟ್ಟಿಲು ಕೆಳಗಿಟ್ಟು ಮಾತನಾಡುವುದು ರೂಢಿ. ನನಗೆ ಅದು ನ್ಯಾಯವೆನಿಸದು. ರಾಜೀವನ ಬಾಯಲ್ಲಿ ನೀತಿವಾಕ್ಯಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಅವನೆದುರಿಗೆ ಕಲ್ಲುಬಂಡೆಯ ನೆಲವಿದೆ. ಅದು ಭಾಷಣಕ್ಕೆ ಬಗ್ಗುವುದಲ್ಲ. ಅದಕ್ಕಿಂತ ದೊಡ್ಡ ಪೂರ್ವಪಕ್ಷ ಕಥೆಯ ಕೊನೆಯಲ್ಲಿದೆ. ಅಕ್ಕನ ಸಂಸಾರಕ್ಕಾಗಿ ಬಾಳನ್ನೇ ಸವೆಸಿದವನನ್ನು, ಅವನಿಂದಲೇ ಓದಿ ದೊಡ್ಡವನಾದ ಸೋದರಳಿಯ ಸಂದೇಹಿಸುತ್ತಾನೆ. ರಾಜೀವ ಉತ್ತರ ಕೊಡುವುದಿಲ್ಲ. ಉಣ್ಣುತ್ತಿದ್ದವನು ಎದ್ದು ಹೊರಟುಹೋಗುತ್ತಾನೆ. ಮನೆಯವರಿಗೆ ಪಶ್ಚಾತ್ತಾಪ ಬರುವಷ್ಟರಲ್ಲಿ ಅವನು ದೂರವಾಗಿದ್ದಾನೆ. ಚಿತ್ರ ಅವನನ್ನು ಮರಳಿ ಕರೆತರುವುದಿಲ್ಲ, ಸನ್ಮಾನಿಸುವುದಿಲ್ಲ. ತ್ಯಾಗಕ್ಕೆ ಪ್ರತಿಫಲವಿದೆಯೆಂದು ಹೇಳುವುದು ಬೋಧಕನ ಸುಲಭವಾದ ದಾರಿ. ಪ್ರತಿಫಲವಿಲ್ಲದಿದ್ದರೂ ಬಾಳಲಾಗುವುದೇ ಎಂಬ ಪ್ರಶ್ನೆಯನ್ನು ಜನಪ್ರಿಯವಾದ ಈ ಚಿತ್ರ ತೆರೆದಿಟ್ಟಿದೆ.

ಈ ದೋಷಕ್ಕೆ ನಿರ್ದೇಶಕರನ್ನು ಮಾತ್ರ ಹೊಣೆಮಾಡುವುದು ಸರಿಯಲ್ಲ. ಅಮೆರಿಕದಲ್ಲಿ 1934ರಿಂದ ಬಿಗಿಯಾಗಿ ಜಾರಿಗೆ ಬಂದ ನೀತಿಸಂಹಿತೆ, ತಪ್ಪಿತಸ್ಥನಿಗೆ ತೆರೆಯ ಮೇಲೆ ಶಿಕ್ಷೆಯಾಗಲೇಬೇಕೆಂದು ವಿಧಿಸಿತು. ನಮ್ಮಲ್ಲಿ 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ಪ್ರದರ್ಶಿಸುವುದು ದಶಕಗಳ ಕಾಲ ಚಿತ್ರಮಂದಿರಗಳಿಗೆ ಕಡ್ಡಾಯವಾಗಿತ್ತು. ಸಂದೇಶವಿದ್ದರೆ ತೆರಿಗೆಯ ವಿನಾಯಿತಿ, ಗಾಂಭೀರ್ಯವಿದ್ದರೆ ಪ್ರಶಸ್ತಿ ಎಂಬ ಲೆಕ್ಕಾಚಾರವೂ ಸೇರಿಕೊಂಡಿತು.

ಗಾಂಭೀರ್ಯದ ಮಾತು ಬಂದುದರಿಂದ ಆಡಂಬರದ ಕಡೆಗೆ ತಿರುಗೋಣ. ಪ್ರಭಾತ್ ಸಂಸ್ಥೆ ಮುಚ್ಚಿದ ಮೇಲೆ ಪುಣೆಯ ಅದೇ ಆವರಣದಲ್ಲಿ 1960ರಲ್ಲಿ ಸರಕಾರದ ಚಲಚ್ಚಿತ್ರ ಶಿಕ್ಷಣಸಂಸ್ಥೆ ಸ್ಥಾಪಿತವಾಯಿತು. ನಮ್ಮ ಗಿರೀಶ ಕಾಸರವಳ್ಳಿಯವರು ಅಲ್ಲಿಯೇ ಕಲಿತವರು. ಅವರಿಗೂ ಮೊದಲು, ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970), ಸೆನ್ಸಾರಿನವರು ತಡೆಹಿಡಿದು ಅನಂತರ ಬಿಟ್ಟ ಚಿತ್ರ, ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತ್ತು. ಅನಂತಮೂರ್ತಿಯವರ ಆ ಕಥೆಯಲ್ಲಿ ಪೂರ್ವಪಕ್ಷವೇ ಹೆಣವಾಗಿ ಅಗ್ರಹಾರದ ನಡುವೆ ಬಿದ್ದಿದೆ. ನಾರಣಪ್ಪನಿಗೆ ಸಂಸ್ಕಾರ ಮಾಡಬೇಕಾದವರು ಯಾರು ಎಂಬುದಕ್ಕೆ ಪ್ರಾಣೇಶಾಚಾರ್ಯರ ಓಲೆಗರಿಗಳಲ್ಲಿ ಉತ್ತರವಿಲ್ಲ. ಹೀಗಿರುವಾಗ ಅಲ್ಲಿನ ಮೌನಕ್ಕೆ ಅರ್ಥವಿದೆ. ಮಾತು ಸೋತ ಕಡೆ ಹುಟ್ಟಿದ ಮೌನವದು. ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಾಲವಿಧವೆ ಯಮುನೆಯ ದುರಂತವನ್ನು ವೇದ ಕಲಿಯಲು ಬಂದ ನಾಣಿ ಎಂಬ ಹುಡುಗನ ಕಣ್ಣಿನಿಂದ ತೋರಿಸುತ್ತದೆ. ಹುಡುಗನಿಗೆ ತೀರ್ಪು ಕೊಡುವಷ್ಟು ತಿಳಿವಳಿಕೆಯಿಲ್ಲ. ಅಕ್ಕನೆಂದು ಹಚ್ಚಿಕೊಂಡವಳು ತಲೆ ಬೋಳಿಸಿಕೊಂಡು ಒಂಟಿಯಾಗಿ ಕುಳಿತಿರುವುದು ಮಾತ್ರ ಅವನಿಗೆ ಕಾಣುತ್ತದೆ. ನಿರ್ದೇಶಕರು ತಮಗೆ ಗೊತ್ತಿರುವುದನ್ನು ಹುಡುಗನ ಬಾಯಲ್ಲಿ ತುರುಕಲಿಲ್ಲ.

ಇವುಗಳ ಯಶಸ್ಸಿನ ಹಿಂದೆಯೇ ಇವುಗಳ ನೆರಳುಗಳೂ ಬಂದವು. ಹಾಳು ಬಾವಿ, ಅರ್ಧ ತೆರೆದ ಬಾಗಿಲು, ಕಾಗೆಯ ಕೂಗು, ಉದ್ದನೆಯ ಜಗಲಿಯ ಮೇಲೆ ನಿಧಾನವಾಗಿ ನಡೆಯುವ ಹೆಂಗಸು. ಇವೆಲ್ಲ ಇದ್ದರೆ ಚಿತ್ರ ಗಂಭೀರವೆಂಬ ಒಂದು ಸಾಮಗ್ರಿಪಟ್ಟಿ ಸಿದ್ಧವಾಯಿತು. ಅಲ್ಲಿನ ಪಾತ್ರಗಳು ಮಾತನಾಡದಿರುವುದು ಮಾತು ಸೋತುದರಿಂದಲ್ಲ, ಆಡುವ ಮಾತೇ ಇಲ್ಲದಿರುವುದರಿಂದ. ಬೋಧಕನು ನಮ್ಮನ್ನು ಮಕ್ಕಳೆಂದು ತಿಳಿದು ಎಲ್ಲವನ್ನೂ ಹೇಳುತ್ತಾನೆ. ಆಡಂಬರದವನು ನಮ್ಮನ್ನು ಅಂಜಿಸಿ, ಕೇಳುವ ಧೈರ್ಯವನ್ನೇ ಕಸಿಯುತ್ತಾನೆ. ಇಬ್ಬರಿಗೂ ಎದುರುಮಾತು ಬೇಡ. ಇವರ ಬೇರು ಒಂದೇ ಎಂದುದು ಈ ಅರ್ಥದಲ್ಲಿ.

ಹೊರನಾಡಿನ ಸಂಘಗಳಿಗೆ ಈ ವಿಚಾರ ಕೇವಲ ರಸಿಕರ ಚರ್ಚೆಯಲ್ಲ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಚಿತ್ರವೆಂದರೆ ಸಂಘದ ಸಭಾಂಗಣದಲ್ಲಿ ಎಂದೋ ಒಮ್ಮೆ ತೋರಿಸುವ ಚಿತ್ರ. ಅದನ್ನು ಆರಿಸುವ ಸಮಿತಿಗಳ ಒಲವು ಸಹಜವಾಗಿ ‘ಸದಭಿರುಚಿ’ಯ ಕಡೆಗೆ, ಎಂದರೆ ನಾಡುನುಡಿಯ ಅಭಿಮಾನವನ್ನೋ ಹಿರಿಯರ ಸೇವೆಯನ್ನೋ ನೇರವಾಗಿ ಸಾರುವ ಚಿತ್ರಗಳ ಕಡೆಗೆ. ನಗುವುದಕ್ಕೆ, ಜಗಳಕ್ಕೆ, ಪ್ರಣಯಕ್ಕೆ ಹಿಂದಿಯೋ ಇಂಗ್ಲಿಷೋ ಇದೆ. ಬುದ್ಧಿ ಹೇಳಿಸಿಕೊಳ್ಳುವುದಕ್ಕೆ ಮಾತ್ರ ಕನ್ನಡ ಎಂಬ ಭಾವನೆ ಆ ಎಳೆಯ ಮನಸ್ಸುಗಳಲ್ಲಿ ಬೇರೂರಿದರೆ ಅವರನ್ನು ಆಕ್ಷೇಪಿಸುವುದು ಹೇಗೆ? ಅಂಥ ಸಭಾಂಗಣದಲ್ಲಿ ಒಮ್ಮೆ ಬಿ. ವಿ. ಕಾರಂತರ ‘ಚೋಮನ ದುಡಿ’ಯನ್ನು (1975) ತೋರಿಸಬೇಕು. ತುಂಡು ಭೂಮಿಯನ್ನು ಉಳಬೇಕೆಂಬ ಚೋಮನ ಆಸೆಗೆ ಹುಟ್ಟಿದ ಜಾತಿ ಅಡ್ಡ. ಮತವನ್ನು ಬಿಟ್ಟರೆ ಭೂಮಿ ಸಿಗಬಹುದೆಂಬ ಆಸೆಗೆ ನಂಬಿದ ದೈವ ಅಡ್ಡ. ಎರಡು ಪಕ್ಷಗಳೂ ಅವನ ಎದೆಯೊಳಗೇ ಇವೆ, ತೀರ್ಪು ಹೇಳುವವರು ಯಾರೂ ಇಲ್ಲ. ಕೊನೆಗೆ ವಾಸುದೇವರಾಯರ ಆ ಮುದುಕ ಗುಡಿಸಲಿನ ಬಾಗಿಲು ಹಾಕಿಕೊಂಡು ಉಸಿರು ನಿಲ್ಲುವವರೆಗೆ ದುಡಿ ಬಾರಿಸುತ್ತಾನೆ. ತುಳುನಾಡನ್ನು ಕಾಣದ ಮಕ್ಕಳು ಮನೆಗೆ ಹೋಗುವ ದಾರಿಯಲ್ಲಿ, ಅವನೇಕೆ ಹಾಗೆ ಬಾರಿಸಿದ ಎಂದು ಹೆತ್ತವರನ್ನು ಕೇಳಿಯಾರು, ಕನ್ನಡದಲ್ಲಿಯೇ ಕೇಳಿಯಾರು.