ಹೆಂಡಿಯ ಸಾರ, ಪಾಚಿಯ ಬೆಳೆ

ರಾಯಚೂರು ಜಿಲ್ಲೆಯ ದೇವಸುಗೂರು, ಮಾನ್ವಿ, ದೇವದುರ್ಗದ ಕಡೆ ಎಮ್ಮೆ ಹೆಂಡಿ ಕುಳ್ಳಾಗುತ್ತದೆ, ಇಲ್ಲವೇ ತಿಪ್ಪೆ ಸೇರುತ್ತದೆ. ಕುಳ್ಳು ಉರಿಸಿದರೆ ಅದರ ಸಾರಜನಕ ಹೊಗೆಯಾಗಿ ಹೋಗುತ್ತದೆ. ತಿಪ್ಪೆಗೆ ಮಳೆ ಹೊಡೆದರೆ ಸಾರ ಹಳ್ಳದ ಪಾಲು. ಆ ಸಾರದಲ್ಲಿ ಪಾಚಿ ಬೆಳೆಯಬಹುದೆಂದು ನಮ್ಮ ಮೈಸೂರಿನ ವಿಜ್ಞಾನಿಗಳು ತೋರಿಸಿ ನಾಲ್ಕು ದಶಕಗಳೇ ಕಳೆದವು.

ದಾರಿ ತೆರೆದದ್ದು ಅಮೆರಿಕದ ಬರ್ಕ್ಲಿಯಲ್ಲಿ. 1950ರ ದಶಕದಲ್ಲಿ ವಿಲಿಯಂ ಆಸ್ವಾಲ್ಡ್ ಮತ್ತು ಸಂಗಡಿಗರು ಕೊಳಚೆ ನೀರಿನ ಕೊಳಗಳಲ್ಲಿ ಒಂದು ಕೊಡುಕೊಳ್ಳುವಿಕೆಯನ್ನು ಕಂಡರು: ಬ್ಯಾಕ್ಟೀರಿಯಾ ಕೊಳೆ ಕರಗಿಸುತ್ತವೆ, ಕರಗಿದ್ದನ್ನು ಉಂಡ ಪಾಚಿ ಅವಕ್ಕೆ ಆಮ್ಲಜನಕ ಕೊಡುತ್ತದೆ.

1970ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಜರ್ಮನಿಯ ನೆರವಿನೊಂದಿಗೆ ಪಾಚಿ ಕೃಷಿಗೆ ಇಳಿಯಿತು. ಮೊದಲು ಸೆನೆಡೆಸ್ಮಸ್ ಎಂಬ ಪಾಚಿ ಬೆಳೆಸಿದರು. ಅದರ ಕೋಶಗಳು ತೀರ ಸಣ್ಣವು, ನೀರಿನಿಂದ ಬೇರ್ಪಡಿಸಲು ಯಂತ್ರವೇ ಬೇಕು. ಸ್ಪಿರುಲಿನಾ ಎಂಬ ಇನ್ನೊಂದು ಪಾಚಿ ಹಾಗಲ್ಲ. ಸುರುಳಿ ಎಳೆಗಳಾದ್ದರಿಂದ ಬಟ್ಟೆಯಲ್ಲಿ ಸೋಸಿದರೆ ಸಾಕು. ಒಣಗಿಸಿದ ತೂಕದಲ್ಲಿ ಶೇ 60ರಷ್ಟು ಪ್ರೋಟೀನು. ಆದರೆ ಅದನ್ನು ಬೆಳೆಸಲು ಕೊಳ್ಳಬೇಕಾದ ಲವಣಗಳು ಹಳ್ಳಿಯವರಿಗೆ ದುಬಾರಿ. ಅದಕ್ಕೇ ಎಲ್.ವಿ. ವೆಂಕಟರಾಮನ್ ಅವರ ತಂಡ ಹಳ್ಳಿಯ ತ್ಯಾಜ್ಯದತ್ತ ತಿರುಗಿತು. ಆ ಪ್ರಯೋಗಗಳ ವರದಿ 1982ರಲ್ಲಿ ಪ್ರಕಟವಾಯಿತು. 1986ರಲ್ಲಿ ವೆಂಕಟರಾಮನ್ ಅವರು ಎಂ. ಮಹದೇವಸ್ವಾಮಿ ಅವರೊಡನೆ ಕೋಳಿ ಹಿಕ್ಕೆಯಿಂದ ಗ್ಯಾಸೂ ಪಾಚಿಯೂ ಪಡೆಯುವ ಬಗೆಯನ್ನು ವಿವರಿಸಿದರು.

ಗುಟ್ಟಿರುವುದು ಗೋಬರ್ ಗ್ಯಾಸ್ ಗುಂಡಿಯಲ್ಲಿ. ಅಲ್ಲಿ ಹೆಂಡಿಯ ಇಂಗಾಲದ ಒಂದು ಪಾಲು ಮೀಥೇನಾಗಿ ಒಲೆಗೆ ಹೋಗುತ್ತದೆ; ಸಾರಜನಕ, ರಂಜಕ ಬಗ್ಗಡದಲ್ಲೇ ಉಳಿಯುತ್ತವೆ. ಬಗ್ಗಡವನ್ನು ತಿಳಿಯಾಗಲು ಬಿಟ್ಟು, ಸೋಸಿ, ಮೊಣಕಾಲಿನಷ್ಟೂ ಆಳವಿಲ್ಲದ ತೊಟ್ಟಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿ ಕಲಕುತ್ತಿರಬೇಕು. ಹೆಚ್ಚಾದರೆ ನೀರು ಕಪ್ಪಾಗಿ ಬೆಳಕು ಇಳಿಯದು. ಸ್ಪಿರುಲಿನಾ ಬಯಸುವ ಕ್ಷಾರದ ನೀರಿನಲ್ಲಿ ಅಮೋನಿಯಾ ಏರಿದರೆ ಪಾಚಿಯೇ ಸಾಯುತ್ತದೆ.

ಈ ಕೃಷಿಗೆ ಬೇಕಾದ ಬಿಸಿಲು ರಾಯಚೂರಿನಲ್ಲಿ ಧಾರಾಳ. ಸ್ಪಿರುಲಿನಾಕ್ಕೆ ಸುಮಾರು 35 ಡಿಗ್ರಿ ಹಿತ. ಬೇಸಿಗೆ 40 ದಾಟುವುದರಿಂದ ನೆರಳು ಪರದೆ ಬೇಕೇ ಬೇಕು. ದೇವಸುಗೂರಿನ ಪಕ್ಕದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ಕಲ್ಲಿದ್ದಲು ಸುಡುತ್ತಿದೆ. ಅದರ ಇಂಗಾಲದ ಡೈಆಕ್ಸೈಡು ಕೂಡ ಪಾಚಿಗೆ ಆಹಾರವೇ. ಆದರೆ ಹೊಗೆಯಲ್ಲಿ ಭಾರಲೋಹಗಳಿರಬಹುದು, ಹೆಂಡಿಯಲ್ಲಿ ರೋಗಾಣುಗಳಿರುತ್ತವೆ. ಹಾಗಾಗಿ ಇಂಥ ಪಾಚಿಯನ್ನು ಮಕ್ಕಳ ತಟ್ಟೆಗೆ ತರುವ ಅವಸರ ಬೇಡ; ಪರೀಕ್ಷಿಸಿದ ಮೇಲೆ ಮೀನು, ಕೋಳಿಗಳ ಆಹಾರವಾಗಿಯೇ ಶುರುವಾಗಲಿ.

ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಗೋಬರ್ ಗ್ಯಾಸ್ ಇರುವ ರೈತರ ಹಿತ್ತಲಲ್ಲೇ ತೊಟ್ಟಿ ಕಟ್ಟಿಸಿ, ಬೇಸಿಗೆ–ಮಳೆಗಾಲ ಎರಡನ್ನೂ ದಾಟಿಸಿ, ಖರ್ಚು–ಆದಾಯದ ಲೆಕ್ಕವನ್ನು ಅವರ ಮುಂದಿಡುವ ಕೆಲಸವನ್ನು ಅದು ಕೈಗೆತ್ತಿಕೊಳ್ಳಬೇಕು. ಮೈಸೂರಿನಲ್ಲಿ ಗಳಿಸಿದ ಜ್ಞಾನ ಈ ನೆಲದ ರೈತರಿಗೂ ಸಲ್ಲಬೇಕಾದದ್ದು.